ಒಂದು ಸುಳ್ಳು ಫೋನು, ಬಾಗಿಲಲ್ಲಿ ಬಂದೂಕು: ಸ್ವಾಟಿಂಗ್‌ನಿಂದ ಮನೆಯವರನ್ನು ಕಾಪಾಡಿಕೊಳ್ಳುವುದು ಹೇಗೆ?

2017ರ ಡಿಸೆಂಬರ್ 28ರ ಸಂಜೆ. ಅಮೆರಿಕದ ಕಾನ್ಸಸ್ ರಾಜ್ಯದ ವಿಚಿಟಾ ನಗರದ ಸಿಟಿ ಹಾಲ್‌ಗೆ ಒಂದು ಫೋನ್ ಬಂತು. ಅಲ್ಲಿದ್ದವರು ಅದನ್ನು ತುರ್ತು ಸಹಾಯದ 911ಕ್ಕೆ ದಾಟಿಸಿದರು. ಆ ಕಡೆಯ ದನಿ ಹೇಳಿತು: ಅಪ್ಪನ ತಲೆಗೆ ಗುಂಡು ಹೊಡೆದಿದ್ದೇನೆ, ಮನೆಯ ಉಳಿದವರನ್ನು ಕೂಡಿಹಾಕಿದ್ದೇನೆ, ಪೆಟ್ರೋಲ್ ಸುರಿದಿದ್ದೇನೆ. ಜೊತೆಗೆ ಒಂದು ವಿಳಾಸವನ್ನೂ ಕೊಟ್ಟಿತು.

ಪೊಲೀಸರು ಬಂದು ಮನೆ ಸುತ್ತ ನಿಂತರು. ಹೊರಗೆ ಏನೋ ಬೆಳಕು, ಸದ್ದು. ಏನಿರಬಹುದು ಅಂತ ನೋಡಲು 28 ವರ್ಷದ ಒಬ್ಬ ಬಾಗಿಲು ತೆಗೆದ. ಎರಡು ಮಕ್ಕಳ ತಂದೆ. ಅವನ ಹತ್ತಿರ ಬಂದೂಕು ಇರಲಿಲ್ಲ. ಪೊಲೀಸರು ಕೈ ಮೇಲೆತ್ತುವಂತೆ ಕೂಗಿದರು. ಅವನ ಕೈ ಸೊಂಟದ ಕಡೆ ಹೋದ ಹಾಗೆ ಕಂಡಿತು. ರಸ್ತೆಯ ಆಚೆ ಬದಿಯಲ್ಲಿದ್ದ ಒಬ್ಬ ಪೊಲೀಸ್ ಗುಂಡು ಹಾರಿಸಿದ. ಬಾಗಿಲು ತೆಗೆದು ಕೆಲವೇ ಸೆಕೆಂಡು ಆಗಿತ್ತು, ಅಷ್ಟೇ. ಅವನು ಉಳಿಯಲಿಲ್ಲ.

ಫೋನ್ ಮಾಡಿದವನು ಇದ್ದದ್ದು ಸುಮಾರು ಎರಡು ಸಾವಿರ ಕಿ.ಮೀ. ದೂರದ ಲಾಸ್ ಏಂಜಲೀಸ್‌ನಲ್ಲಿ. ಜಗಳ ಶುರುವಾಗಿದ್ದು 'ಕಾಲ್ ಆಫ್ ಡ್ಯೂಟಿ' ಎಂಬ ವಿಡಿಯೋ ಗೇಮಿನ ಮೇಲೆ, ಒಂದೂವರೆ ಡಾಲರ್ ಬಾಜಿಗೆ. ಆಡುತ್ತಿದ್ದವರು ಬೇರೆ ಇಬ್ಬರು. ಒಬ್ಬ ಇನ್ನೊಬ್ಬನ ಮನೆಗೆ ಪೊಲೀಸರನ್ನು ಕಳಿಸಲು ಈ ಮೂರನೆಯವನಿಗೆ ಹೇಳಿದ. ಆ ಇನ್ನೊಬ್ಬ ತಾನು ಹಿಂದೆ ಇದ್ದ ಮನೆಯ ವಿಳಾಸ ಕೊಟ್ಟು 'ಬಾ ನೋಡೋಣ' ಅಂದ. ಸತ್ತವನಿಗೆ ಆ ಗೇಮೂ ಗೊತ್ತಿಲ್ಲ, ಆ ಹುಡುಗರೂ ಗೊತ್ತಿಲ್ಲ. ಫೋನ್ ಮಾಡಿದವನಿಗೆ 2019ರಲ್ಲಿ 20 ವರ್ಷ ಜೈಲಾಯಿತು.

ಹೀಗೆ ಸುಳ್ಳು ಕರೆ ಮಾಡಿ ಬೇರೆಯವರ ಮನೆಗೆ ಶಸ್ತ್ರಸಜ್ಜಿತ ಪೊಲೀಸರನ್ನು ಕಳಿಸುವುದಕ್ಕೆ ಸ್ವಾಟಿಂಗ್ ಅನ್ನುತ್ತಾರೆ. ಸ್ವಾಟ್ ಅಂದರೆ ಅಲ್ಲಿನ ಪೊಲೀಸ್ ಇಲಾಖೆಗಳ ವಿಶೇಷ ಪಡೆ. ಹೆಸರು ಆ ಪಡೆಯದಾದರೂ ಎಷ್ಟೋ ಸಲ ಮೊದಲು ಬಂದು ನಿಲ್ಲುವವರು ಆ ಬೀದಿಯ ಗಸ್ತಿನಲ್ಲಿರುವ ಮಾಮೂಲಿ ಪೊಲೀಸರೇ. ಅವರ ಕೈಯಲ್ಲೂ ಬಂದೂಕು ಇರುತ್ತದೆ.

ನಾನು ಇರುವುದು ನ್ಯೂಜೆರ್ಸಿಯಲ್ಲಿ. ಮಗನಿಗೆ 15 ವರ್ಷ. ಹಾಸನದಿಂದ ಅಮ್ಮ ಆರು ತಿಂಗಳಿಗೆ ಅಂತ ಬಂದಿದ್ದಾರೆ. ಹಗಲು ಹೊತ್ತು ಮನೆಯಲ್ಲಿ ಅವರೊಬ್ಬರೇ. ಕೆಲವು ತಿಂಗಳ ಹಿಂದೆ ಒಂದು ರಾತ್ರಿ ಮಗ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತ. ಹೆಡ್‌ಸೆಟ್ ಇನ್ನೂ ಕತ್ತಿನಲ್ಲಿತ್ತು. "ಅಪ್ಪಾ, ಗೇಮಲ್ಲಿ ಒಬ್ಬ ನಮ್ಮ ರಸ್ತೆ ಹೆಸರು ಹೇಳ್ದ" ಅಂದ. ಯಾವಾಗ ಅಂತ ಕೇಳಿದೆ. ಎರಡು ದಿನ ಆಗಿತ್ತಂತೆ. ಹೇಳಿದರೆ ಗೇಮ್ ಕಿತ್ತುಕೊಳ್ಳುತ್ತೇವೆ ಅಂತ ಸುಮ್ಮನಿದ್ದ. ಆಮೇಲೆ ಏನೂ ಆಗಲಿಲ್ಲ. ಆದರೆ ಆ ವಾರ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಇದು ಹೇಗೆ ನಡೆಯುತ್ತದೆ, ನಮ್ಮ ಕೈಯಲ್ಲಿ ಏನಿದೆ ಅಂತ ಕೂತು ಓದಿದೆ, ಕೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಪ್ರಶ್ನೆ ಎಲ್ಲರದ್ದೂ ಒಂದೇ. ಯಾರೋ ಫೋನ್ ಮಾಡಿದರೆ ಪೊಲೀಸರು ಹೇಗೆ ನಂಬುತ್ತಾರೆ?

911ಕ್ಕೆ ಫೋನ್ ಮಾಡಿದರೆ ಆ ಕರೆ ಎಲ್ಲಿಂದ ಬಂತೋ ಅಲ್ಲಿಗೆ ಹತ್ತಿರದ ಕೇಂದ್ರಕ್ಕೆ ಹೋಗುತ್ತದೆ. ಲ್ಯಾಂಡ್‌ಲೈನ್ ಆದರೆ ವಿಳಾಸ ಕಾಣುತ್ತದೆ, ಮೊಬೈಲ್ ಆದರೆ ಸುಮಾರಾಗಿ ಜಾಗ ಕಾಣುತ್ತದೆ. ಇಂಟರ್ನೆಟ್ ಮೂಲಕ ಮಾಡುವ ಕರೆಗೆ ಈ ಕಟ್ಟು ಸಡಿಲ. ಹಾಗಾಗಿ ದೂರದಲ್ಲಿ ಕೂತ ಸುಳ್ಳುಗಾರನ ಕರೆ ಬಹಳ ಸಲ ಬರುವುದು 911ಕ್ಕೆ ನೇರವಾಗಿ ಅಲ್ಲ, ಠಾಣೆಯ ಮಾಮೂಲಿ ನಂಬರಿಗೆ. ವಿಚಿಟಾದಲ್ಲಿ ಅದು ಸಿಟಿ ಹಾಲ್‌ಗೆ ಬಂದದ್ದು ನೋಡಿ. ಮನೆಯೊಳಗೆ ಕೊಲೆ ನಡೆದಿದೆ ಅನ್ನುವವನು ಯಾಕೆ ಆಫೀಸಿನ ನಂಬರ್ ಹುಡುಕಿ ಫೋನ್ ಮಾಡುತ್ತಾನೆ? ಕರೆ ತೆಗೆದುಕೊಳ್ಳುವವರು ಚೆನ್ನಾಗಿ ಕಲಿತಿದ್ದರೆ ಅಲ್ಲೇ ಅನುಮಾನ ಪಡುತ್ತಾರೆ. ನನ್ನ ಪ್ರಕಾರ ಸ್ವಾಟಿಂಗ್ ತಡೆಯುವ ದೊಡ್ಡ ಕೆಲಸ ಆಗಬೇಕಾದದ್ದು ಅಲ್ಲಿ, ಆ ಮೇಜಿನ ಮುಂದೆ.

ಆದರೆ ಅನುಮಾನ ಬಂದರೂ ಅವರು ಸುಮ್ಮನಿರುವ ಹಾಗಿಲ್ಲ. 2022ರ ಮೇನಲ್ಲಿ ಟೆಕ್ಸಸ್‌ನ ಯುವಾಲ್ಡಿ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಪೊಲೀಸರು ಒಳಗೆ ನುಗ್ಗಿ ಬಂದೂಕುಧಾರಿಯನ್ನು ಹೊಡೆಯಲು 77 ನಿಮಿಷ ಆಯಿತು ಅಂತ ಇಡೀ ದೇಶ ಛೀಮಾರಿ ಹಾಕಿತು. ಅಂಥ ನೆನಪು ಇರುವ ದೇಶದಲ್ಲಿ ಪೊಲೀಸರು ಕರೆ ನಿಜ ಅಂದುಕೊಂಡೇ ಹೊರಡುತ್ತಾರೆ. ಯಾವ ಮನೆಯಲ್ಲಾದರೂ ಬಂದೂಕು ಇರಬಹುದು ಅನ್ನುವ ಲೆಕ್ಕ ಬೇರೆ. ಕೆಟ್ಟವನು ಹಿಡಿದುಕೊಳ್ಳುವುದು ಇದೇ ಭಯವನ್ನು. ಅವನಿಗೆ ಬಂದೂಕು ಬೇಕಿಲ್ಲ. ನಿಮ್ಮ ವಿಳಾಸ ಇದ್ದರೆ ಸಾಕು.

ಇದನ್ನು ದುಡ್ಡಿಗೆ ಮಾಡುವವರೂ ಇದ್ದಾರೆ. ಕ್ಯಾಲಿಫೋರ್ನಿಯಾದ ಲ್ಯಾಂಕಾಸ್ಟರ್‌ನ ಒಬ್ಬ ಹುಡುಗ 2022ರ ಆಗಸ್ಟ್‌ನಿಂದ 2024ರ ಜನವರಿವರೆಗೆ 375ಕ್ಕೂ ಹೆಚ್ಚು ಇಂಥ ಕರೆ ಮಾಡಿದ್ದ. ಶಾಲೆ, ಕಾಲೇಜು, ಪ್ರಾರ್ಥನಾ ಮಂದಿರ, ಅಧಿಕಾರಿಗಳ ಮನೆ, ಯಾವುದನ್ನೂ ಬಿಟ್ಟಿರಲಿಲ್ಲ. ತನ್ನ 'ಸೇವೆ'ಗೆ ಆನ್‌ಲೈನಿನಲ್ಲಿ ಜಾಹೀರಾತು ಹಾಕಿ ದರ ಹೇಳುತ್ತಿದ್ದ. 2025ರ ಫೆಬ್ರವರಿಯಲ್ಲಿ ನಾಲ್ಕು ವರ್ಷ ಜೈಲು ಶಿಕ್ಷೆಯಾದಾಗ ಅವನಿಗೆ 18 ವರ್ಷ. ಅಂದರೆ ನಿಮ್ಮ ಮೇಲೆ ದ್ವೇಷ ಇರುವವನು ಬುದ್ಧಿವಂತನೇ ಆಗಿರಬೇಕಿಲ್ಲ. ಒಂದಿಷ್ಟು ಡಾಲರ್ ಇದ್ದರೆ ಬೇರೆಯವನು ಮಾಡಿಕೊಡುತ್ತಾನೆ. 2023ರ ಕ್ರಿಸ್‌ಮಸ್ ಹೊತ್ತಿಗೆ ಎರಡೂ ಪಕ್ಷಗಳ ರಾಜಕಾರಣಿಗಳ ಮನೆಗಳಿಗೆ ಸಾಲಾಗಿ ಹೀಗೆ ಪೊಲೀಸರು ಬಂದಿದ್ದರು. ಬಾಸ್ಟನ್ ಮೇಯರ್ ಮಿಷೆಲ್ ವು ಮನೆಗೂ ಬಂದರು, ಆಗ ಸಂಸದೆಯಾಗಿದ್ದ ಮಾರ್ಜರಿ ಟೇಲರ್ ಗ್ರೀನ್ ಮನೆಗೂ ಬಂದರು.

2025ರ ಆಗಸ್ಟ್‌ನಲ್ಲಿ ಪೆನ್ಸಿಲ್ವೇನಿಯಾದ ವಿಲನೋವಾ ವಿಶ್ವವಿದ್ಯಾಲಯಕ್ಕೆ ಹೊಸ ವಿದ್ಯಾರ್ಥಿಗಳು ಬಂದಿಳಿಯುವ ದಿನಗಳಲ್ಲೇ ಗುಂಡಿನ ದಾಳಿಯ ಸುಳ್ಳು ಕರೆ ಬಂತು. ಮಕ್ಕಳು ಕುರ್ಚಿ ಬೀಳಿಸಿಕೊಂಡು ಓಡಿದರು. ಮುಂದಿನ ದಿನಗಳಲ್ಲಿ ಇನ್ನೂ ಹಲವು ಕ್ಯಾಂಪಸ್‌ಗಳಲ್ಲಿ ಇದೇ ಆಯಿತು. ಮಕ್ಕಳನ್ನು ಅಲ್ಲಿ ಓದಲು ಕಳಿಸಿದ ಅಪ್ಪ-ಅಮ್ಮಂದಿರು ನಮ್ಮಲ್ಲಿ ಎಷ್ಟು ಜನ ಇದ್ದಾರೆ ಅಂತ ನಿಮಗೇ ಗೊತ್ತು.

ಬೆಂಗಳೂರಿನಲ್ಲಿ ಇದೇ ರೂಪದಲ್ಲಿ ಈ ಪಿಡುಗು ಇಲ್ಲ. ಹೊಯ್ಸಳ ಗಾಡಿ ಬಂದರೂ ಬಂದೂಕು ಗುರಿ ಇಟ್ಟುಕೊಂಡು ಬರುವುದಿಲ್ಲ. ಅಲ್ಲಿರುವುದು ಇದರ ದಾಯಾದಿ, ಬಾಂಬ್ ಬೆದರಿಕೆಯ ಇಮೇಲ್. 2023ರ ಡಿಸೆಂಬರ್ 1ರಂದು 40ಕ್ಕೂ ಹೆಚ್ಚು ಶಾಲೆಗಳಿಗೆ ಒಟ್ಟಿಗೆ ಬಂದಿತ್ತಲ್ಲ, ಅದು. ಕೆಲಸ ಬಿಟ್ಟು ಓಡಿಹೋಗಿ ಮಕ್ಕಳನ್ನು ಕರೆತಂದವರಿಗೆ ಆ ಬೆಳಗ್ಗೆ ನೆನಪಿರುತ್ತದೆ.

ಈಗ ಮನೆಯ ವಿಷಯ. ಎಲ್ಲಕ್ಕಿಂತ ಮೊದಲು ವಿಳಾಸ.

ಬ್ರೌಸರಿನಲ್ಲಿ ಖಾಸಗಿ ಕಿಟಕಿ ತೆರೆದು ನಿಮ್ಮ ಹೆಸರು, ಊರು ಹಾಕಿ ಹುಡುಕಿ. ನಾನು ಹುಡುಕಿದಾಗ ಮೊದಲ ಪುಟದಲ್ಲೇ ನಮ್ಮ ಮನೆ ನಂಬರ್, ಹಿಂದಿನ ಎರಡು ಬಾಡಿಗೆ ಮನೆಗಳು, ನನ್ನ ವಯಸ್ಸು, ಹೆಂಡತಿಯ ಹೆಸರು ಎಲ್ಲ ಸಿಕ್ಕಿತು. ಅಮೆರಿಕದಲ್ಲಿ ಜನರ ಮಾಹಿತಿ ಮಾರುವುದೇ ಒಂದು ವ್ಯಾಪಾರ. ಸ್ಪೋಕಿಯೋ, ವೈಟ್‌ಪೇಜಸ್, ಬೀನ್‌ವೆರಿಫೈಡ್ ಥರದ ಕಂಪನಿಗಳು ಆಸ್ತಿ ದಾಖಲೆ, ಮತದಾರರ ಪಟ್ಟಿ ಅಂತ ಎಲ್ಲೆಲ್ಲಿಂದಲೋ ಒಟ್ಟು ಮಾಡಿ ಇಟ್ಟಿರುತ್ತವೆ. ತೆಗೆಯಿರಿ ಅಂತ ಒಂದೊಂದಕ್ಕೂ ಅರ್ಜಿ ಹಾಕಬಹುದು, ದುಡ್ಡು ಕೊಡಬೇಕಿಲ್ಲ. ಬೇಸರದ ಕೆಲಸ, ನಿಜ. ಮೂರು ಭಾನುವಾರ ಹಿಡಿಯಿತು ನನಗೆ. ಕೆಲವು ತಿಂಗಳಾದ ಮೇಲೆ ಮತ್ತೆ ಹುಟ್ಟಿಕೊಳ್ಳುತ್ತದೆ, ಮತ್ತೆ ನೋಡಬೇಕು. ಕ್ಯಾಲಿಫೋರ್ನಿಯಾದವರಿಗೆ ಒಂದು ಅನುಕೂಲ ಇದೆ. ಅಲ್ಲಿ 2023ರಲ್ಲಿ ಆದ ಡಿಲೀಟ್ ಆಕ್ಟ್ ಕಾನೂನಿನಿಂದ, ರಾಜ್ಯದಲ್ಲಿ ನೋಂದಾಯಿಸಿರುವ ಎಲ್ಲ ಮಾಹಿತಿ ವ್ಯಾಪಾರಿಗಳಿಗೂ ಒಂದೇ ಅರ್ಜಿಯಲ್ಲಿ ಅಳಿಸಿ ಅನ್ನಬಹುದು. ಈ ಅರ್ಜಿ ವ್ಯವಸ್ಥೆ 2026ರ ಜನವರಿಯಲ್ಲಿ ಶುರುವಾಯಿತು. ನಮ್ಮ ನ್ಯೂಜೆರ್ಸಿಯಲ್ಲಿ ಡೇನಿಯಲ್ಸ್ ಲಾ ಇದೆ, ಆದರೆ ಅದು ಮುಖ್ಯವಾಗಿ ನ್ಯಾಯಾಧೀಶರು, ಪ್ರಾಸಿಕ್ಯೂಟರ್‌ಗಳು, ಪೊಲೀಸರಂಥವರ ಮನೆ ವಿಳಾಸ ಮುಚ್ಚಿಡಲು. ನಮ್ಮಂಥವರಿಗೆ ಆ ರಕ್ಷಣೆ ಇಲ್ಲ.

ಇದೆಲ್ಲ ಬೇರೆಯವರು ಹರಡಿದ್ದು. ನಾವೇ ಹರಡಿದ್ದು ಇನ್ನೊಂದು. ಗೃಹಪ್ರವೇಶದ ಆಮಂತ್ರಣವನ್ನು ಫೇಸ್‌ಬುಕ್ಕಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತೇವೆ. ಗಣಪತಿ ಚಿತ್ರದ ಕೆಳಗೆ ಪೂರ್ತಿ ವಿಳಾಸ, ಪಕ್ಕದಲ್ಲಿ ಮನೆಯ ಫೋಟೋ. ಕನ್ನಡ ಸಂಘದ ಸದಸ್ಯರ ಪಟ್ಟಿ, ದೇವಸ್ಥಾನಕ್ಕೆ ದೇಣಿಗೆ ಕೊಟ್ಟವರ ಪಟ್ಟಿ, ಯುಗಾದಿ ಊಟಕ್ಕೆ ಯಾರ ಮನೆಯಲ್ಲಿ ಸೇರುವುದು ಅನ್ನುವ ಸುತ್ತೋಲೆ. ಇವು ಪಿಡಿಎಫ್ ಆಗಿ ವರ್ಷಗಟ್ಟಲೆ ಅಂತರ್ಜಾಲದಲ್ಲಿ ಉಳಿದುಬಿಡುತ್ತವೆ. ಯಾರೂ ಕೆಟ್ಟದ್ದು ಬಯಸಿ ಹಾಕಿದ್ದಲ್ಲ. ಸಂಘದವರಿಗೆ ಒಂದು ಮಾತು ಹೇಳಿದರೆ ತೆಗೆಯುತ್ತಾರೆ. ನಾನು ಹೇಳಿದೆ, ಆ ಸಂಜೆಯೇ ತೆಗೆದರು.

ವಿಚಿಟಾ ಕಲಿಸುವ ಇನ್ನೊಂದು ಪಾಠ ಹಳೆಯ ವಿಳಾಸದ್ದು. ಅಮೆರಿಕದಲ್ಲಿ ನಮ್ಮವರು ಕೆಲಸ ಬದಲಾದ ಹಾಗೆ ಮನೆ ಬದಲಾಯಿಸುತ್ತಾರೆ. ನೀವು ಬಿಟ್ಟು ಬಂದ ಮನೆಯಲ್ಲಿ ಈಗ ಯಾರೋ ಇದ್ದಾರೆ. ನೀವು ಹೊಕ್ಕ ಮನೆಯಲ್ಲಿ ಮೊದಲು ಯಾರಿದ್ದರೋ ಗೊತ್ತಿಲ್ಲ. ಆದ್ದರಿಂದ 'ನಮಗೆ ಯಾರು ಶತ್ರು ಇದ್ದಾರೆ' ಅನ್ನುವ ಧೈರ್ಯ ಅಷ್ಟು ಗಟ್ಟಿಯಲ್ಲ. ಮಕ್ಕಳಿಗೂ ಇದನ್ನು ಬಿಡಿಸಿ ಹೇಳಬೇಕು. ಗೇಮಿನಲ್ಲಿ ಯಾರಾದರೂ ಕೆಣಕಿದಾಗ ಸುಮ್ನೆ ಒಂದು ಸುಳ್ಳು ವಿಳಾಸ ಎಸೆಯುವುದು ಆಟವಲ್ಲ. ಆ ವಿಳಾಸದಲ್ಲಿ ಯಾರದೋ ಮನೆ ಇರುತ್ತದೆ.

ಮಗನ ಜೊತೆ ಮಾತಾಡಿದಾಗ ನಾನು ಮೊದಲು ಕೊಟ್ಟ ಮಾತು, ಹೆದರಿಕೆ ಬಂದು ಹೇಳಿದರೆ ಗೇಮ್ ಕಿತ್ತುಕೊಳ್ಳುವುದಿಲ್ಲ ಅಂತ. ಇದು ಬಹಳ ಮುಖ್ಯ ಅಂತ ನನಗೆ ಅನ್ನಿಸುತ್ತದೆ. ಬೆದರಿಕೆ ಬಂದ ಮೊದಲ ಗಂಟೆಗಳಲ್ಲೇ ನಾವು ಏನಾದರೂ ಮಾಡಲು ಸಾಧ್ಯ. ಮಗು ಬೈಗುಳಕ್ಕೆ ಹೆದರಿ ಬಾಯಿ ಮುಚ್ಚಿಕೊಂಡರೆ ಆ ಹೊತ್ತು ಕಳೆದುಹೋಗುತ್ತದೆ. ಆಮೇಲೆ ಇಬ್ಬರೂ ಕೂತು ಅವನ ಆಟದ ಹೆಸರು ಬದಲಾಯಿಸಿದೆವು. ಶಾಲೆಯ ಟೀಶರ್ಟ್ ಹಾಕಿಕೊಂಡ ಫೋಟೋ ಅಳಿಸಿದೆವು. ಕಿಟಕಿಯಾಚೆ ರಸ್ತೆ ಕಾಣುವ ಒಂದು ವಿಡಿಯೋ ಇತ್ತು, ಅದನ್ನೂ ಅಳಿಸಿದೆವು.

ಕ್ಯಾಮೆರಾ ಇದ್ದವರು ಪಾಸ್‌ವರ್ಡ್ ನೋಡಿಕೊಳ್ಳಿ. 2020ರ ನವೆಂಬರ್‌ನಲ್ಲಿ ಒಂದೇ ವಾರದಲ್ಲಿ ಸುಮಾರು ಹನ್ನೆರಡು ಮನೆಗಳ ರಿಂಗ್ ಕಂಪನಿಯ ಕ್ಯಾಮೆರಾ ಡೋರ್‌ಬೆಲ್ ಖಾತೆಗೆ ನುಗ್ಗಿ, ಆ ಮನೆಗಳಿಗೆ ಪೊಲೀಸರನ್ನು ಕಳಿಸಿ, ನಡೆದದ್ದನ್ನು ಅದೇ ಕ್ಯಾಮೆರಾದಲ್ಲಿ ನೇರಪ್ರಸಾರ ಮಾಡಿದ ಆರೋಪದ ಮೇಲೆ ಇಬ್ಬರ ಮೇಲೆ ಕೇಸಾಯಿತು. ಒಳಗೆ ನುಗ್ಗಲು ದಾರಿಯಾದದ್ದು ಮನೆಯವರ ಇಮೇಲ್ ಖಾತೆ. ಅದೇ ಡಿಸೆಂಬರ್‌ನಲ್ಲಿ ಎಫ್‌ಬಿಐ ಕೂಡ ಎಚ್ಚರಿಕೆ ಕೊಟ್ಟಿತು. ಕ್ಯಾಮೆರಾಕ್ಕೆ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಿ. ಇಮೇಲಿಗೂ ಕ್ಯಾಮೆರಾಕ್ಕೂ ಫೋನಿಗೆ ಬರುವ ಎರಡನೇ ಕೋಡ್ ಹಾಕಿಕೊಳ್ಳಿ.

ಇನ್ನು ಜನ ಮಾಡಲು ಹಿಂಜರಿಯುವ ಕೆಲಸ: ಪೊಲೀಸರಿಗೆ ಮೊದಲೇ ಹೇಳಿಡುವುದು.

ಸೈಬರ್ ಅಪರಾಧಗಳ ಬಗ್ಗೆ ಬರೆಯುವ ಪತ್ರಕರ್ತ ಬ್ರಯನ್ ಕ್ರೆಬ್ಸ್ ವರ್ಜೀನಿಯಾದಲ್ಲಿ ಇದನ್ನೇ ಮಾಡಿದ್ದರು. ಹೀಗಾಗಬಹುದು ಅಂತ ಸ್ಥಳೀಯ ಪೊಲೀಸರಿಗೆ ಆರು ತಿಂಗಳು ಮೊದಲೇ ತಿಳಿಸಿದ್ದರು. 2013ರ ಮಾರ್ಚ್‌ನಲ್ಲಿ ಆಗಿಯೇ ಆಯಿತು. ಅಂದು ಮನೆಗೆ ಊಟಕ್ಕೆ ಜನ ಬರುವವರಿದ್ದರು, ಅವರು ಮನೆ ಚೊಕ್ಕ ಮಾಡುತ್ತಿದ್ದರು. ಫೋನ್ ಬಂದರೂ ತೆಗೆಯಲಿಲ್ಲ. ಬಾಗಿಲು ತೆಗೆದಾಗ ಎದುರಿಗೆ ಬಂದೂಕುಗಳು. ಕೋಳ ಬಿತ್ತು. ಹಿಂದೆ ಕೊಟ್ಟಿದ್ದ ದೂರಿನ ವಿಷಯ ಹೇಳಿದ ಮೇಲೆ ಪರಿಸ್ಥಿತಿ ತಿಳಿಯಾಯಿತು. ಇದರಲ್ಲಿ ಎರಡು ವಿಷಯ ಇದೆ. ಮೊದಲೇ ಹೇಳಿಟ್ಟಿದ್ದು ಕೆಲಸಕ್ಕೆ ಬಂತು. ಮತ್ತೆ, ಗೊತ್ತಿಲ್ಲದ ನಂಬರಿನಿಂದ ಮೇಲಿಂದ ಮೇಲೆ ಕರೆ ಬಂದರೆ ತೆಗೆಯುವುದು ಒಳ್ಳೆಯದು, ಅದು ಬಾಗಿಲ ಹೊರಗಿರುವ ಪೊಲೀಸರದ್ದೇ ಇರಬಹುದು.

ಸಿಯಾಟಲ್ ಪೊಲೀಸರು 2018ರಲ್ಲಿ ಇದಕ್ಕೆಂದೇ ಒಂದು ವ್ಯವಸ್ಥೆ ಮಾಡಿದರು. ಸ್ವಾಟಿಂಗ್ ಭಯ ಇರುವವರು ತಮ್ಮ ವಿಳಾಸ ನೋಂದಾಯಿಸಿಡಬಹುದು. ಆ ವಿಳಾಸಕ್ಕೆ ಕರೆ ಬಂದರೆ ಹೋಗುವ ಪೊಲೀಸರಿಗೆ ಈ ವಿಷಯ ಮೊದಲೇ ತಿಳಿಯುತ್ತದೆ. ಎಲ್ಲ ಊರಿನಲ್ಲೂ ಇದು ಇಲ್ಲ. ಇಲ್ಲದಿದ್ದರೆ ಠಾಣೆಯ ನಾನ್-ಎಮರ್ಜೆನ್ಸಿ ನಂಬರಿಗೆ ಫೋನ್ ಮಾಡಿ. ನಾನು ಮಾಡಿದಾಗ ಕರೆ ತೆಗೆದುಕೊಂಡ ಹೆಂಗಸಿಗೆ ಮೊದಲು ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. ಮಗನಿಗೆ ಬೆದರಿಕೆ ಬಂದಿದೆ, ಮನೆಯಲ್ಲಿ ಇಂಗ್ಲಿಷ್ ಬಾರದ 71 ವರ್ಷದ ತಾಯಿ ಇದ್ದಾರೆ, ಬಂದೂಕು ಇಲ್ಲ, ಕರೆ ಬಂದರೆ ದಯವಿಟ್ಟು ಮೊದಲು ಈ ನಂಬರಿಗೆ ಫೋನ್ ಮಾಡಿ. ಆಕೆ ಎಲ್ಲ ಬರೆದುಕೊಂಡು ವಿಳಾಸಕ್ಕೆ ಒಂದು ಟಿಪ್ಪಣಿ ಸೇರಿಸುತ್ತೇನೆ ಅಂದಳು. ಹತ್ತು ನಿಮಿಷ ಕೂಡ ಆಗಲಿಲ್ಲ.

ಅಮ್ಮನ ವಿಷಯಕ್ಕೆ ಬರುತ್ತೇನೆ. ನನ್ನ ನಿದ್ದೆ ಕೆಡಿಸಿದ್ದು ನಿಜಕ್ಕೂ ಇದೇ.

2015ರ ಫೆಬ್ರವರಿಯಲ್ಲಿ ಅಲಬಾಮಾದ ಮ್ಯಾಡಿಸನ್‌ನಲ್ಲಿ ಒಂದು ಘಟನೆ ನಡೆಯಿತು. ಮೊಮ್ಮಗನನ್ನು ನೋಡಿಕೊಳ್ಳಲು ಗುಜರಾತಿನಿಂದ ಬಂದಿದ್ದ 57 ವರ್ಷದ ಅಜ್ಜ ಬೆಳಗ್ಗೆ ಬೀದಿಯಲ್ಲಿ ನಡೆದುಹೋಗುತ್ತಿದ್ದರು. ಯಾರೋ ಅನುಮಾನ ಪಟ್ಟು ಪೊಲೀಸರಿಗೆ ಫೋನ್ ಮಾಡಿದರು. ಪೊಲೀಸರು ಕೇಳಿದ್ದು ಅವರಿಗೆ ಅರ್ಥವಾಗಲಿಲ್ಲ. 'ನೋ ಇಂಗ್ಲಿಷ್' ಅಂದರು. ಒಬ್ಬ ಪೊಲೀಸ್ ಅವರನ್ನು ನೆಲಕ್ಕೆ ಕೆಡವಿದ. ಬೆನ್ನುಮೂಳೆಗೆ ಪೆಟ್ಟಾಗಿ ಕೈಕಾಲಿನ ಶಕ್ತಿ ಕಳೆದುಕೊಂಡರು. ಅದು ಸ್ವಾಟಿಂಗ್ ಅಲ್ಲ, ಸುಳ್ಳು ಕರೆಯೂ ಅಲ್ಲ. ಆದರೆ ಪೊಲೀಸರು ಕೊಡುವ ಆಜ್ಞೆ ಅರ್ಥವಾಗದಿದ್ದರೆ ಏನಾಗಬಹುದು ಅಂತ ಅದು ತೋರಿಸುತ್ತದೆ. ವಯಸ್ಸಾದವರಿಗೆ ಗುಂಡೇ ತಾಗಬೇಕಿಲ್ಲ. 2020ರ ಏಪ್ರಿಲ್‌ನಲ್ಲಿ ಟೆನೆಸ್ಸೀಯಲ್ಲಿ 60 ವರ್ಷದ ಒಬ್ಬರ ಟ್ವಿಟರ್ ಹೆಸರನ್ನು ಕಿತ್ತುಕೊಳ್ಳುವ ಆಸೆಗೆ ಹೀಗೆ ಪೊಲೀಸರನ್ನು ಕಳಿಸಿದರು. ಅವರು ಹೃದಯಾಘಾತವಾಗಿ ತೀರಿಕೊಂಡರು.

ನಮ್ಮಮ್ಮ ಬೆಲ್ ಆದರೆ ಒಲೆ ಮುಂದಿನಿಂದ ಹಾಗೇ ಬರುತ್ತಾರೆ. ಕೈಯಲ್ಲಿ ಸೌಟು ಇರುತ್ತದೆ, ಕೆಲವು ಸಲ ಈಳಿಗೆ ಮಣೆ ಮುಂದಿನಿಂದ ಎದ್ದು ತರಕಾರಿ ಸಮೇತ ಬಂದದ್ದೂ ಉಂಟು. ಇನ್ನೊಂದು ಕೈ ಸೆರಗಿನಲ್ಲಿ ಒರೆಸಿಕೊಳ್ಳುತ್ತಿರುತ್ತದೆ. ಹಾಸನದಲ್ಲಿ ಅದು ಮಾಮೂಲಿ. ಕತ್ತಲಲ್ಲಿ, ಕೊಲೆ ನಡೆದಿದೆ ಅಂತ ನಂಬಿ ಬಂದ ಪೊಲೀಸಿನವನಿಗೆ ಅದು ಕೈಯಲ್ಲಿ ಹೊಳೆಯುವ ಏನೋ ಒಂದು. ವಿಷಯ ಹೇಳಿದಾಗ ಅಮ್ಮ "ನಮ್ಮನೆಗೆ ಯಾಕಪ್ಪಾ ಬರ್ತಾರೆ ಪೊಲೀಸ್ನೋರು? ನಾವೇನ್ ಮಾಡಿದೀವಿ?" ಅಂದರು. ಏನೂ ಮಾಡಿಲ್ಲದವರ ಮನೆಗೇ ಬರುತ್ತಾರೆ ಅಂತ ಅರ್ಥ ಮಾಡಿಸಲು ಒಂದು ಸಂಜೆ ಬೇಕಾಯಿತು.

ಪೊಲೀಸರು ಬಂದಾಗ ಮಾಡಬೇಕಾದದ್ದು ಜಾಸ್ತಿ ಏನಿಲ್ಲ. ಕೈ ಖಾಲಿ ಇರಬೇಕು, ಬೆರಳು ಬಿಡಿಸಿ ಅವರಿಗೆ ಕಾಣುವ ಹಾಗೆ ಮೇಲೆ ಇರಬೇಕು. ಫೋನೂ ಕೈಯಲ್ಲಿ ಬೇಡ, ದೂರದಿಂದ ಅದು ಏನಾದರೂ ಆಗಿ ಕಾಣಬಹುದು. ಜೇಬಿಗೆ, ಸೊಂಟಕ್ಕೆ ಕೈ ಹಾಕಬಾರದು. ಓಡಬಾರದು, ಅವರ ಹತ್ತಿರ ನುಗ್ಗಬಾರದು, ನಿಧಾನಕ್ಕೆ ಅವರು ಹೇಳಿದ್ದಷ್ಟೇ ಮಾಡಬೇಕು. ನಾಯಿ ಇದ್ದರೆ ಸಮಯ ಸಿಕ್ಕರೆ ಕೋಣೆಯಲ್ಲಿ ಕೂಡಬೇಕು. ಬಾಗಿಲಿಗೆ ಬರುವ ಮೊದಲೇ ಕಿಟಕಿಯಲ್ಲಿ ಪೊಲೀಸರು ಕಂಡರೆ ಒಳಗಿನಿಂದಲೇ 911ಕ್ಕೆ ಫೋನ್ ಮಾಡಿ, ನಾನು ಈ ಮನೆಯಲ್ಲಿದ್ದೇನೆ, ಯಾರಿಗೂ ಏನೂ ಆಗಿಲ್ಲ, ಇದು ಸ್ವಾಟಿಂಗ್ ಇರಬಹುದು, ನಾನು ಇಂಥ ಬಣ್ಣದ ಬಟ್ಟೆ ಹಾಕಿದ್ದೇನೆ ಅಂತ ಹೇಳಬೇಕು. ಆ ಮಾತು ಹೊರಗಿರುವವರಿಗೆ ರೇಡಿಯೋದಲ್ಲಿ ಮುಟ್ಟುತ್ತದೆ. ಹೊರಗೆ ಬಾ ಅಂದರೆ ಫೋನ್ ಕೆಳಗಿಟ್ಟು ಬರಬೇಕು. ಕೋಪ ಬರುತ್ತದೆ, ಬರಲೇಬೇಕು. ಆದರೆ ಹಕ್ಕಿನ ಮಾತು, ಜಗಳ, ದೂರು ಎಲ್ಲ ಬಂದೂಕು ಕೆಳಗಿಳಿದ ಮೇಲೆ. ಆಮೇಲೆ ಪ್ರಕರಣದ ನಂಬರ್ ಕೇಳಿ ಬರೆದುಕೊಳ್ಳಿ, ಬೆದರಿಕೆಯ ಚಾಟ್ ಅಳಿಸಬೇಡಿ, ಎಫ್‌ಬಿಐಗೂ ತಿಳಿಸಿ. 2023ರಿಂದ ಅವರು ದೇಶದಾದ್ಯಂತದ ಸ್ವಾಟಿಂಗ್ ಪ್ರಕರಣಗಳನ್ನು ಒಂದು ಕಡೆ ಸೇರಿಸುತ್ತಿದ್ದಾರೆ.

ಅಮ್ಮನಿಗೆ ಇಷ್ಟೆಲ್ಲ ನೆನಪಿರುವುದಿಲ್ಲ. ಅವರಿಗೆ ಮೂರೇ ಕಲಿಸಿದೆವು. ಕೈ ಖಾಲಿ, ಕೈ ಮೇಲೆ, "ನೋ ಇಂಗ್ಲಿಷ್, ಕನ್ನಡ". ಭಾಷೆಯ ಹೆಸರು ಹೇಳಿದರೆ ಫೋನಿನಲ್ಲಿ ದುಭಾಷಿ ಹುಡುಕಲು ಅವರಿಗೆ ಒಂದು ದಾರಿ ಸಿಗುತ್ತದೆ. ಮಗ ಅದನ್ನು ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದು ಬಾಗಿಲ ಒಳಗಡೆ ಅಂಟಿಸಿದ. ಅವನಿಗೆ 'ಲ', 'ಳ' ವ್ಯತ್ಯಾಸ ಇನ್ನೂ ಸರಿಯಾಗಿ ಬರುವುದಿಲ್ಲ, 'ಖಾಳಿ' ಅಂತ ಬರೆದಿದ್ದ. ಅಜ್ಜಿ ತಿದ್ದಿಸಿದರು. ಆಮೇಲೆ ಅವನೇ ಹೊರಗೆ ಹೋಗಿ ಬೆಲ್ ಮಾಡಿ "ಹ್ಯಾಂಡ್ಸ್ ಅಪ್!" ಅಂತ ಕೂಗುತ್ತಿದ್ದ, ಅಜ್ಜಿ ಬಾಗಿಲು ತೆಗೆದು ಎರಡೂ ಕೈ ಎತ್ತುತ್ತಿದ್ದರು. ಮೊದಲ ಸಲ ಸೌಟು ಸಮೇತ ಎತ್ತಿದರು. ಸಾರು ಮೊಣಕೈವರೆಗೆ ಇಳಿಯಿತು. "ಇದನ್ನ ಎಲ್ಲಿ ಇಡ್ಲೋ ಮತ್ತೆ?" ಅಂತ ಕೇಳಿದರು. ಈಗ ಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡಿನ ಮೇಲೆ ಒಂದು ಸ್ಟೀಲ್ ತಟ್ಟೆ ಇದೆ. ಬೆಲ್ ಆದಾಗ ಅದರಲ್ಲಿ ಸೌಟು ಬೀಳುವ ಸದ್ದು ಮಹಡಿ ಮೇಲಿನ ನನ್ನ ಕೋಣೆಗೂ ಕೇಳುತ್ತದೆ. ಆಮೇಲೆ ಚಿಲಕ ತೆಗೆಯುವ ಸದ್ದು.